ಜವಾಬ ನುಂಗಿದ ರಾತ್ರಿ

ಆಗ ನನಗ ಅರವತ್ತೊಂದು. ಏಳು ವರ್ಷದ ಹಿಂದಿನ ಮಾತು. ನಾ ಬರೆಯೂದು ಕಲಿತದ್ದು ರಾತ್ರಿ ಸಾಲಿಯೊಳಗ, ಅದೂ ಅರ್ಧಮರ್ಧ. ಅದಕ್ಕ ಉದ್ದ ಎಳೆಯೂದಿಲ್ಲ.

ಅಫಜಲಪುರದಾಗ ಒಂದು ರಾತ್ರಿಯ ಸಂಗೀತ ಉತ್ಸವ ಇಟ್ಟಿದ್ರು. ಒಂದೇ ಮೈದಾನ, ನಾಕು ಶಾಮಿಯಾನ. ಒಂದರಾಗ ಭಜನಿ, ಒಂದರಾಗ ಕವ್ವಾಲಿ, ಒಂದರಾಗ ಆರ್ಕೆಸ್ಟ್ರಾ, ಇನ್ನೊಂದರಾಗ ಸವಾಲ-ಜವಾಬ. ಸವಾಲ-ಜವಾಬದಾಗ ಗಂಡಸರ ಮ್ಯಾಳ ಹಾಡಿ ಪ್ರಶ್ನೆ ಕೇಳ್ತದ, ಹೆಂಗಸರ ಮ್ಯಾಳ ಹಾಡೇ ಉತ್ತರ ಕೊಡಬೇಕು. ನಿಂಬರ್ಗಾದಿಂದ ನಾವು ನಾಕು ಮಂದಿ ಹೆಂಗಸರು ಹೋಗಿದ್ವಿ. ಮುಂದ ನಿಂತು ಡಪ್ಪು ಬಡದು ಹಾಡಾಕಿ ನನ್ನ ಹಿರಿ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾ ಹಿಂದ ನಿಂತು ಜೀ ಜೀ ಅನ್ನಾಕಿ. ಇಪ್ಪತ್ತೆರಡು ವರ್ಷ ಬರೇ ಜೀ ಜೀ.

ಸೋತ ಮ್ಯಾಳ ತನ್ನ ಡಪ್ಪು ಗೆದ್ದವರ ಕೈಯಾಗ ಕೊಟ್ಟು ಇಳೀಬೇಕು. ಡಪ್ಪು ಹೋತಂದ್ರ ಮುಂದ ನಿಂದ್ರೂ ಹಕ್ಕೂ ಹೋತು. ನೆಗೆಣ್ಣಿ ಒಮ್ಮೆನೂ ಸೋತಿದ್ದಿಲ್ಲ. ಗಂಡ ಸತ್ತಿದ್ದ, ಮಕ್ಕಳಿದ್ದಿಲ್ಲ, ಆಕೀಗೆ ಇದ್ದದ್ದು ಆ ಮುಂದಿನ ಜಾಗ ಒಂದೇ. ಅದು ನನಗ ಬರೋಬ್ಬರಿ ಗೊತ್ತಿತ್ತು.

ಆಕಿ ಗೆಲ್ಲೂದು ನನ್ನ ಕಿವಿಯಿಂದ. ಸವಾಲ ಮನಿಯಿಂದ ಕಟಗೊಂಡು ಬರೂಹಂಗಿಲ್ಲ. ಅವತ್ತು ಅದೇ ಮೈದಾನದಾಗ ಬ್ಯಾರೆಯವರು ಹಾಡಿದ್ದರಾಗಿಂದನೇ ಹೆಕ್ಕಬೇಕು. ಅದಕ್ಕ ಪ್ರತಿ ಮ್ಯಾಳದವರೂ ಒಬ್ಬರನ್ನ ಕೇಳಿ ಬರಾಕ ಕಳಸ್ತಾರ. ನನಗ ಒಂದು ಪದ ಒಮ್ಮೆ ಕೇಳಿದ್ರ ಸಾಕು, ತಲಿಯಾಗ ಕುಂದ್ರತದ.

ಸಂಜಿಕ ನೆಗೆಣ್ಣಿ ತುರುಬಿಗೆ ಹೂವ ಸಿಗಿಸಿಕೋತ ಅಂದ್ಲು: "ಹೋಗು ಬೇ, ಮೂರೂ ಶಾಮಿಯಾನ ಸುತ್ತಿ ಬಾ. ನಿನ್ನ ಗಂಟಲ ಮಾಡೂ ಮುಂದ ದೇವರು ನಿದ್ದಿ ಹೊಡದಾನ. ಕಿವಿ ಮಾತ್ರ ಎಚ್ಚರಿದ್ದು ಮಾಡ್ಯಾನ."

"ಅಕ್ಕ, ಇವತ್ತು ಒಂದು ನುಡಿ ನಾ ಹಾಡ್ಲೇನು?"

"ನೀ ಬಾಯಿ ತೆಗದ್ರ, ನಮ್ಮ ಎಮ್ಮಿ ಹಗ್ಗ ಹರಕೊಂಡದ ಅಂತ ಮಂದಿ ಮನಿಗೆ ಓಡ್ತಾರ."

ಉಳಿದ ಇಬ್ಬರು ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ.

ಮೊದಲು ಕವ್ವಾಲಿಗೆ ಹೋದೆ. ಹೆಂಗಸರ ಕಡೆ ಒಬ್ಬಾಕಿ ಸರಕೊಂಡು ಜಾಗ ಕೊಟ್ಲು, ಎಲಿ-ಅಡಿಕಿ ಕೊಟ್ಲು. ಅವರ ಚಪ್ಪಾಳಿ ಎದಿಗೆ ಬಡೀತಿತ್ತು. ಮೂರು ಪದ ಕೇಳಿ ಎದ್ದೆ. ಆರ್ಕೆಸ್ಟ್ರಾದಾಗ ಒಂದು ಹುಡುಗಿ ಹೊಗಿಯೊಳಗ ನಿಂತು ಕೆಮ್ಮಿಕೋತ ಸಿನಿಮಾ ಹಾಡು ಹೇಳಾಕತ್ತಿತ್ತು. ಅಲ್ಲಿ ಹೆಕ್ಕೂವಂಥಾದ್ದು ಏನೂ ಇದ್ದಿಲ್ಲ.

ಭಜನಿಯೊಳಗ ಹಲ್ಲಿಲ್ಲದ ಒಬ್ಬ ಮುತ್ಯಾ ಏಕತಾರಿ ಹಿಡದು ಉಸಿರಿನ ಪದ ಹಾಡಾಕತ್ತಿದ್ದ. ಮನಷಾ ಹಗಲು-ರಾತ್ರಿ ಕೂಡಿ ಇಪ್ಪತ್ತೊಂದು ಸಾವಿರದ ಆರುನೂರು ಸಲ ಉಸಿರಾಡ್ತಾನಂತ. ಕಂಬದ ಹಿಂದ ನೋಡಿದ್ರ, ನಮ್ಮ ಎದುರು ಮ್ಯಾಳದ ಹಿರ್ಯಾ, ಜೇವರ್ಗಿ ಕಡೆಯಾಂವ, ಕಣ್ಣ ಮುಚ್ಚಿ ಕುಂತು ಅದನ್ನೇ ತುಟಿಯಾಗ ಗುಣಗುಣ ಅಂತಿದ್ದ. ಇವತ್ತಿನ ಸವಾಲ ಇದೇ ಅಂತ ಅಲ್ಲೇ ತಿಳೀತು. ಅಲ್ಲೇ ಏನ್ ಮಾಡಬೇಕನ್ನೂದೂ ತಿಳೀತು.

ಹೊಳ್ಳಿ ಬಂದು ನೆಗೆಣ್ಣಿಗೆ ಕವ್ವಾಲಿ ಪದ ಮೂರೂ ಒಪ್ಪಿಸಿದೆ.

"ಭಜನಿಯೊಳಗ?"

"ಅದೇ ಹಳೀದು ಅಕ್ಕ. ದೇಹ ಮನಿ, ಒಂಬತ್ತು ಬಾಗಿಲ. ನಿನಗ ಗೊತ್ತಿದ್ದದ್ದೇ."

ಲೆಕ್ಕ ಹೇಳಲಿಲ್ಲ.

ಮ್ಯಾಲ ಹತ್ತಿದ್ವಿ. ಹಿರ್ಯಾ ಹಾಡಿದ: ಹೊಸ್ತಿಲಿಲ್ಲದ ಮನಿಗೆ ಒಬ್ಬ ಅಳಿಯ ಬರ್ತಾನ, ಕುಂದ್ರದೆ ಹೋಗ್ತಾನ, ಒಂದು ಹಗಲು ಒಂದು ರಾತ್ರಿಗೆ ಎಷ್ಟು ಸಲ ಬಂದ? ನೆಗೆಣ್ಣಿ ತಡಾ ಮಾಡಲಿಲ್ಲ. ಅಳಿಯ ಅಂದ್ರ ಉಸಿರು ಅಂತ ಡಪ್ಪು ಬಡದು ಹಾಡಿದ್ಲು. ಮಂದಿ ಸೀಟಿ ಹೊಡದ್ರು.

"ಅಳಿಯ ಯಾರಂತ ಕೇಳಿಲ್ಲ ತಂಗಿ, ಎಷ್ಟು ಸಲ ಅಂತ ಕೇಳೇನಿ," ಅಂದ ಹಿರ್ಯಾ.

ಆಕಿ ನನ್ನ ಕಡೆ ತಿರುಗಿದ್ಲು. ಮುಂದಿನಾಕಿ ಯೋಚನಿ ಮಾಡೂತನಕ ಹಿಂದಿನವರು ಜೀ ಜೀ ಬಿಡೂಹಂಗಿಲ್ಲ. ನಾ ಬಿಡಲಿಲ್ಲ. ಆಕಿ ರಾಗ ಎಳದ್ಲು, ಸುತ್ತು ಹಾಕಿದ್ಲು, ಮತ್ತ ಎಳದ್ಲು. ಗಂಟಲ ಒಡೀತು.

"ಏ ಮುದುಕಿ, ಅಳಿಯ ಊಟಕ್ಕ ಕುಂತಾನೇನ?" ಅಂತ ಒಬ್ಬ ಒದರಿದ.

"ಲೆಕ್ಕ ಹಾಕಾಕ ಮೊಬೈಲ್ ಕೊಡ್ರಲೇ ಆಕೀಗೆ!"

ಕುಣಕೋತ ನನ್ನ ಬಾಜೂಕ ಬಂದು, ಹಲ್ಲ ಕಚ್ಚಿ, "ಹೇಳ ಬೇ" ಅಂದ್ಲು. ಆಕಿ ಕಣ್ಣಾಗ ಕಣ್ಣಿಟ್ಟು ಜೀ ಜೀ ಅಂದೆ.

ಆಕಿ ಡಪ್ಪು ಹಿರ್ಯಾನ ಕೈಯಾಗ ಕೊಟ್ಲು. ಹಿರ್ಯಾ ಕೆಟ್ಟಾಂವ ಅಲ್ಲ, ಮೈಕಿನ್ಯಾಗ ಕಟ್ಟಳಿ ಹೇಳಿದ: "ಮುಂಜಾನಿ ನಾವು ಚಾ ಕುಡಿಯೂದರೊಳಗ ಇವರ ಮ್ಯಾಳದಾಗ ಯಾರರ ಬಂದು ಜವಾಬ ಹೇಳಿದ್ರ ಡಪ್ಪು ವಾಪಸ್ ಕೊಡ್ತೇನಿ. ಆದ್ರ ಹೇಳಿದಾಕಿ ಕೈಯಾಗ. ಮುಂದ ನಿಂದ್ರಾಕಿ ಆಕೀನೇ." ಈ ಕಟ್ಟಳಿ ಹೊಸಾದಲ್ಲ. ಭಜನಿಯೊಳಗ ಕುಂತಾಗಲೇ ನನ್ನ ತಲಿಯಾಗಿತ್ತು.

ನಮಗ ಸಾಲಿ ಪಡಸಾಲಿಯೊಳಗ ಮಲಗಾಕ ಜಾಗ ಕೊಟ್ಟಿದ್ರು. ಆಕಿ ಮಲಗಲಿಲ್ಲ.

"ಭಜನಿಯೊಳಗ ಆ ಲೆಕ್ಕ ಹಾಡಿದ್ರೇನು?"

"ಇಲ್ಲ."

"ದೇವರಾಣಿ?"

"ದೇವರಾಣಿ."

"ಆ ಮುತ್ಯಾನ್ನ ಹುಡುಕಿ ಕೇಳಿ ಬರ್ತೇನಿ," ಅಂತ ಎದ್ಲು.

"ಆಂವ ಊರಿಗೆ ಹೋಗಿ ತಾಸಾತು, ಕುಂದ್ರು," ಅಂದೆ. ಆಂವ ಇನ್ನೂ ಶಾಮಿಯಾನದಾಗೇ ಇದ್ದ. ಆಕಿ ಕುಂತ್ಲು. ನಾ ಮೋಸ ಮಾಡೇನಿ ಅಂತ ಆಕೀಗೆ ಅನಸಲೇ ಇಲ್ಲ. ಅಷ್ಟು ಬುದ್ಧಿ ನನಗದ ಅಂತ ಆಕಿ ಯಾವತ್ತೂ ತಿಳದಿದ್ದಿಲ್ಲ. ಕಂಬಕ್ಕ ತಲಿ ಹಚ್ಚಿ ಸಣ್ಣ ಹುಡುಗಿಯಂಗ ಅತ್ಲು. ನನಗ ಚಲೋ ನಿದ್ದಿ ಹತ್ತಿತು.

ಮರುದಿನ ಮುಂಜಾನಿ ಕಂಬದ ಬಾಜೂಕ ಕುಂತಾಕೀನ್ನ ಎಬ್ಬಿಸಿ, "ನಡಿ ಅಕ್ಕ, ಚಾ ಕುಡಿಯೂಣು," ಅಂತ ಬಸ್ ಸ್ಟ್ಯಾಂಡಿಗೆ ಕರಕೊಂಡು ಹೋದೆ. ಹಿರ್ಯಾನ ಮಂದಿ ಅಲ್ಲೇ ಹೋಟೆಲಿನ ಮುಂದ ಕುಂತಿದ್ರು. ಆಂವ ಚಾ ಬಸಿಯೊಳಗ ಸುರುವಿಕೊಂಡಿದ್ದ, ಇನ್ನೂ ಬಾಯಿಗೆ ಹಚ್ಚಿದ್ದಿಲ್ಲ. ನಾ ಆಂವನ ಮುಂದ ನಿಂತು ಇಪ್ಪತ್ತೊಂದು ಸಾವಿರದ ಆರುನೂರು ಅಂತ ಗಂಟಲ ಬಿಟ್ಟು ಹಾಡಿದೆ. ಯಾರೂ ಓಡಿ ಹೋಗಲಿಲ್ಲ. ಆಂವ ಬಸಿ ಕೆಳಗಿಟ್ಟು, ನನ್ನನ್ನ ನೋಡಿ, ನೆಗೆಣ್ಣಿನ್ನ ನೋಡಿ, ಡಪ್ಪು ಕೊಟ್ಟ. ಇಬ್ಬನಿಗೆ ಅದರ ಚರ್ಮ ಮೆತ್ತಗಾಗಿತ್ತು. ಹೋಟೆಲಿನಾಂವನ ಒಲಿ ಮುಂದ ಹಿಡದು ಕಾಸಿದೆ, ಬಡದು ನೋಡಿದೆ, ಬಿಗಿ ಬಂತು. ನೆಗೆಣ್ಣಿ ಕೈಯಾಗಿನ ಚಾ ಹಂಗೇ ಇತ್ತು, ಕೆನಿ ಕಟ್ಟಿತ್ತು.

ಆಳಂದದ ಬಸ್ಸು ಬಂತು.

"ಚೀಲ ತೊಗೊಂಡು ಬಾ," ಅಂದು ನಾ ಮೊದಲ ಹತ್ತಿದೆ.