ಗಂಡನನ್ನು ಕೊಟ್ಟು ಕುಳ್ಳನನ್ನು ತಂದದ್ದು

ಮದುವೆಯಾದ ನಾಲ್ಕನೆಯ ವರ್ಷ ನಾನು ನನ್ನ ಗಂಡನನ್ನು ಪ್ಯಾಕಿಂಗ್ ವಿಭಾಗಕ್ಕೆ ಕೊಟ್ಟು, ಬದಲಿಗೆ ಲೇಬಲ್ ಅಂಟಿಸುವ ಯಂತ್ರದ ಹತ್ತಿರ ಕೆಲಸ ಮಾಡುತ್ತಿದ್ದ ಒಬ್ಬ ಕುಳ್ಳನನ್ನು ತಂದೆ. ಇವತ್ತು ಕೂತು ಯೋಚಿಸಿದರೂ ಅದು ಒಳ್ಳೆಯ ವ್ಯಾಪಾರವೇ. ಆದರೆ ನಮ್ಮವರ ಎದುರಿಗೆ ಈ ಮಾತನ್ನು ಜೋರಾಗಿ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರು ನ್ಯೂಜೆರ್ಸಿಯ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ನಾನು ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮಾಡಿ ಬಂದವಳು, ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಹತ್ತು ಗಂಟೆಗೆಲ್ಲ ಅಡುಗೆ ಮುಗಿದು, ಸಾಯಂಕಾಲದವರೆಗೆ ನಾನು, ಹೀಟರು, ಮತ್ತು ದಿನಪತ್ರಿಕೆ. ಪತ್ರಿಕೆಯನ್ನು ಜಾಹೀರಾತಿನವರೆಗೂ ಓದಿ ಮುಗಿಸಿ, ಒಂದು ದಿನ ಕ್ರೀಡಾಪುಟದ ಮೂಲೆಗೆ ಬಂದೆ. ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಿಂದಿನ ದಿನದ ಬೇಸ್‌ಬಾಲ್ ಪಂದ್ಯಗಳ ಕೋಷ್ಟಕಗಳಿದ್ದವು. ಯಾರು ಎಷ್ಟು ಸಲ ಬ್ಯಾಟ್ ಹಿಡಿದರು, ಎಷ್ಟು ಸಲ ಹೊಡೆದರು, ಎಷ್ಟು ಸಲ ಔಟಾದರು, ಎಲ್ಲವೂ ಅಚ್ಚುಕಟ್ಟಾಗಿ. ಬಾಯಾರಿದವಳಿಗೆ ಮಜ್ಜಿಗೆ ಸಿಕ್ಕಂತಾಯಿತು. ಆಟ ತಿಳಿಯುವ ಮೊದಲೇ ನನಗೆ ಅದರ ಲೆಕ್ಕ ತಿಳಿದಿತ್ತು.

ಒಂದು ವಿಷಯ ಬೇಗ ನನ್ನ ಕಣ್ಣಿಗೆ ಬಿತ್ತು. ಎಸೆಯುವವನು ಹೊಡೆಯಲಾಗದಂಥ ನಾಲ್ಕು ಕೆಟ್ಟ ಚೆಂಡು ಹಾಕಿದರೆ, ಬ್ಯಾಟ್ ಹಿಡಿದವನು ಏನನ್ನೂ ಹೊಡೆಯದೆ ಆರಾಮವಾಗಿ ಮೊದಲನೆಯ ಬೇಸ್‌ಗೆ ನಡೆದುಹೋಗಬಹುದು. ಅದಕ್ಕೆ ವಾಕ್ ಎನ್ನುತ್ತಾರೆ. ಮೈದಾನದ ಮೂರು ಮೂಲೆಯ ಬೇಸ್‌ಗಳನ್ನು ದಾಟಿ, ಹೊರಟ ಮೂಲೆಗೆ, ಅಂದರೆ ಮನೆಗೆ, ಮರಳಿದರೆ ಒಂದು ರನ್. ಬೇಸಿನಲ್ಲಿ ನಿಂತವನು ಹೊಡೆದು ಬಂದನೋ ನಡೆದು ಬಂದನೋ, ನಿಂತಿದ್ದಾನೆ ತಾನೆ? ಆದರೆ ಆಟಗಾರನ ಸರಾಸರಿಯಲ್ಲಿ ವಾಕ್‌ಗೆ ಜಾಗವೇ ಇಲ್ಲ. ಎಲ್ಲರಿಗೂ ದೂರಕ್ಕೆ ಹೊಡೆಯುವವನು ಬೇಕು. ಸುಮ್ಮನೆ ನಿಲ್ಲಲು ಬಲ್ಲವನು ಯಾರಿಗೂ ಬೇಡ. ಅಂದರೆ ಅಂಥವನು ಸುಲಭವಾಗಿ ಸಿಗುತ್ತಾನೆ ಎಂದು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ನನಗೆ ಹೊಳೆಯಿತು. ಹೊಳೆದದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಕಾರ್ಖಾನೆಯ ಹಿಂದೆ ಒಂದು ಮೈದಾನವಿತ್ತು. ಬೇಸಿಗೆಯ ಶನಿವಾರಗಳಲ್ಲಿ ಲ್ಯಾಬ್, ಪ್ಯಾಕಿಂಗ್, ಸ್ಟೋರ್ಸ್, ಆಫೀಸು ಎಂದು ನಾಲ್ಕು ತಂಡದವರು ಅಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದರು. ಅದೇ ಆಟ, ಚೆಂಡು ದೊಡ್ಡದು, ಕೈಯನ್ನು ಕೆಳಗಿನಿಂದ ಬೀಸಿ ಹಾಕುತ್ತಾರೆ. ಲ್ಯಾಬ್ ತಂಡದ ನಾಯಕ ಗಾಜಿನ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕ. ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ತನ್ನ ಊರಿನ ಬೇಸ್‌ಬಾಲ್ ತಂಡ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದ ಮೇಲೆ ಅವನು ಯಾರನ್ನೂ ನಂಬುತ್ತಿರಲಿಲ್ಲ. ಸ್ಕೋರ್ ಬರೆಯಲು ಆಟಗಾರರ ಹೆಂಡತಿಯರಲ್ಲಿ ಯಾರಾದರೂ ಬೇಕೆಂದಾಗ ಮೊದಲು ಎದ್ದ ಕೈ ನನ್ನದು. ಸೀರೆ, ಅದರ ಕೆಳಗೆ ಕ್ಯಾನ್ವಾಸ್ ಶೂ, ತೊಡೆಯ ಮೇಲೆ ಪುಸ್ತಕ. ಹಾಗೆ ಮೊದಲನೆಯ ಬೇಸಿನ ಪಕ್ಕದ ಬೆಂಚು ನನ್ನ ಕಚೇರಿಯಾಯಿತು.

ನಮ್ಮವರ ವಿಷಯ ಹೇಳಬೇಕು. ಮೈಸೂರಿನ ಕಾಲೇಜಿನಲ್ಲಿ ಅವರು ಕ್ರಿಕೆಟ್ ಚೆಂಡನ್ನು ಹಾಸ್ಟೆಲ್ ಗೋಡೆಯಾಚೆ ಹೊಡೆಯುವುದಕ್ಕೆ ಹೆಸರಾದವರು. ಇಲ್ಲಿ ಲ್ಯಾಬಿನಲ್ಲಿ ಅವರ ಒಂದೊಂದು ವಾಕ್ಯಕ್ಕೂ ಮೇಲಧಿಕಾರಿ ಕಿವಿಗೆ ಕೈ ಹಿಡಿದು, ಇನ್ನೊಮ್ಮೆ ಹೇಳು ಎನ್ನುತ್ತಿದ್ದನಂತೆ. ವಾರವಿಡೀ ಕುಗ್ಗಿಕೊಂಡು ಮನೆಗೆ ಬರುತ್ತಿದ್ದರು. ಶನಿವಾರ ಮಾತ್ರ ಅವರು ಬ್ಯಾಟ್ ಎತ್ತಿದರೆ ಸಾಕು, ಇಡೀ ಲ್ಯಾಬ್ ಎದ್ದು ನಿಂತು ಕೂಗುತ್ತಿತ್ತು. ಚೆಂಡು ಆಕಾಶಕ್ಕೆ ಹೋಗುತ್ತಿತ್ತು. ಹೋದದ್ದು ಕೆಳಗೆ ಬರಬೇಕಲ್ಲ, ಬರುತ್ತಿತ್ತು. ಕೆಳಗೆ ಯಾವನೋ ಗ್ಲೌಸ್ ಹಿಡಿದುಕೊಂಡು ಕಾಯುತ್ತಿರುತ್ತಿದ್ದ. ಔಟಾದರೂ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿ, ಆಮೇಲೆ ಔಟ್ ಎಂದು ಬರೆದುಕೊಳ್ಳುತ್ತಿದ್ದೆ.

ಪ್ಯಾಕಿಂಗ್ ತಂಡದಲ್ಲಿದ್ದ ಕುಳ್ಳನ ರೀತಿಯೇ ಬೇರೆ. ಅವನು ಬಗ್ಗಿ ನಿಂತರೆ ಮೊಣಕಾಲಿಗೂ ಭುಜಕ್ಕೂ ಮಧ್ಯೆ ಒಂದು ಗೇಣು ಇರುತ್ತಿತ್ತೇನೋ. ಒಳ್ಳೆಯ ಚೆಂಡು ಎನಿಸಿಕೊಳ್ಳಲು ಅದು ಆ ಗೇಣಿನಲ್ಲೇ ಬೀಳಬೇಕು. ಎಸೆಯುವವರು ಬೆವರು ಒರೆಸಿಕೊಳ್ಳುತ್ತಿದ್ದರು. ಅವನು ಬ್ಯಾಟ್ ಬೀಸುತ್ತಲೇ ಇರಲಿಲ್ಲ. ನಾಲ್ಕು ಕೆಟ್ಟ ಚೆಂಡು ನೋಡಿ, ಮೂಗು ಒರೆಸಿಕೊಂಡು, ಬೇಸಿಗೆ ನಡೆಯುತ್ತಿದ್ದ. ಅವನ ತಂಡದವರೇ ಅವನನ್ನು ನೋಡಿ ನಗುತ್ತಿದ್ದರು.

ಆ ಲೀಗಿನಲ್ಲಿ ಒಂದು ನಿಯಮವಿತ್ತು. ಅರ್ಧ ಬೇಸಿಗೆ ಕಳೆದ ಮೇಲೆ ಎರಡು ತಂಡಗಳು ಒಪ್ಪಿದರೆ ಒಬ್ಬೊಬ್ಬ ಆಟಗಾರನನ್ನು ಅದಲುಬದಲು ಮಾಡಿಕೊಳ್ಳಬಹುದು. ಲ್ಯಾಬ್ ಸೋಲುತ್ತಲೇ ಇತ್ತು. ಯಾರನ್ನು ಕೊಟ್ಟು ಯಾರನ್ನು ತರಲಿ ಎಂದು ಮುದುಕ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಪುಸ್ತಕ ತೆರೆದೆ. ನಮ್ಮಲ್ಲಿ ಯಾರ ಹೊಡೆತ ನೋಡಲು ಎಲ್ಲರಿಗಿಂತ ಚೆನ್ನಾಗಿದೆಯೋ ಅವನನ್ನು ಕೊಡು, ಎದುರಿನವರು ಕಣ್ಣು ಮುಚ್ಚಿಕೊಂಡು ಒಪ್ಪುತ್ತಾರೆ; ಅವರು ಯಾರನ್ನು ನೋಡಿ ನಗುತ್ತಾರೋ ಅವನನ್ನು ಕೇಳು, ಕೇಳಿದ್ದಕ್ಕೂ ನಗುತ್ತಾ ಕೊಡುತ್ತಾರೆ ಎಂದೆ.

ಮುದುಕ ಪುಟ ನೋಡಿದ. ನನ್ನ ಮುಖ ನೋಡಿದ. ಅದು ನಿನ್ನ ಗಂಡನಲ್ಲವೇ ಎಂದು ಕೇಳಿದ.

ಗೊತ್ತಿದೆ ಎಂದೆ.

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕ್ಯಾಲಿಫೋರ್ನಿಯಾದ ನಂತರ ಅವನು ನಂಬಿದ ಮೊದಲನೆಯ ವ್ಯಕ್ತಿ ಬಹುಶಃ ನಾನೇ.

ಪ್ಯಾಕಿಂಗ್ ತಂಡದ ನಾಯಕ ನಮ್ಮ ಧಾರವಾಡದ ಗೆಳೆಯ. ಅಲ್ಲಿ ಔಷಧಿಯ ಗುಣಮಟ್ಟ ಪರೀಕ್ಷೆ ಮಾಡುತ್ತಿದ್ದವನು. ಮುದುಕ ಕೇಳಿದ್ದೇ ತಡ ಒಪ್ಪಿಕೊಂಡು ನನ್ನ ಬೆಂಚಿಗೇ ಓಡಿ ಬಂದ. "ಏನ್ ವೈನಿ, ನಿಮ್ಮ ಮುದುಕಗ ತಲಿ ಕೆಟ್ಟದ ಏನು? ಇಂಥಾ ಹೊಡತದ ಮನಷ್ಯಾನ್ನ ಕೊಟ್ಟು ಆ ಗಿಡ್ಡನ್ನ ತಗೊಂಡಾನ" ಎಂದ. ನಾನು ಅವನಿಗೆ ಒಂದಿಷ್ಟು ಚಿತ್ರಾನ್ನ ಕೊಟ್ಟು ಬಾಯಿ ಮುಚ್ಚಿಸಿದೆ.

ಆ ದಿನ ಮನೆಗೆ ಹೋಗುವಾಗ ನಮ್ಮವರು ಕಾರನ್ನು ಟರ್ನ್‌ಪೈಕ್ ಹೆದ್ದಾರಿಗೆ ತಂದರು. ಆಮೇಲೆ ಸ್ಟೀರಿಂಗಿಗೆ ಹೇಳುವ ಹಾಗೆ, "ಯಾರೋ ಕೂತು ಲೆಕ್ಕ ಹಾಕಿದಾರೆ ಕಣೇ. ಆ ಮುದುಕನ ತಲೇಲಿ ಹುಟ್ಟೋದಲ್ಲ ಇದು" ಎಂದರು.

"ಇರಬಹುದು. ಎಕ್ಸಿಟ್ ಬಂತು ನೋಡಿ" ಎಂದೆ.

ಆ ವಾರ ಮೂರು ಸಲ ಗಸಗಸೆ ಪಾಯಸ ಮಾಡಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಗಸಗಸೆ ಬೆರಳುದ್ದದ ಬಾಟಲಿಯಲ್ಲಿ ಬರುತ್ತಿತ್ತು. ಒಂದು ಸಲದ ಪಾಯಸಕ್ಕೆ ಐದು ಬಾಟಲಿ. ಮೂರನೆಯ ಸಲ ಅವರು ಲೋಟ ಕೆಳಗಿಟ್ಟು, "ಏನು ವಿಶೇಷ?" ಎಂದು ಕೇಳಿದರು. ಏನಿಲ್ಲ ಎಂದೆ. ಮುಂದಿನ ಶನಿವಾರದಿಂದ ಲ್ಯಾಬ್ ಗೆಲ್ಲತೊಡಗಿತು. ಕುಳ್ಳ ನಡೆಯುವನು, ಅವನ ಹಿಂದೆ ಬಂದವನು ಸುಮಾರಾಗಿ ಹೊಡೆಯುವನು, ಕುಳ್ಳ ಮನೆ ಸೇರುವನು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅದೇ ಹೊತ್ತಿಗೆ ನಮ್ಮವರು ಎದುರು ಬೆಂಚಿನಲ್ಲಿ ಅಪರಿಚಿತರ ಮಧ್ಯೆ ಕೈಕಟ್ಟಿ ಕೂತಿರುವುದೂ ಕಾಣುತ್ತಿತ್ತು.

ನಾನು ಎರಡು ಪುಸ್ತಕ ಇಟ್ಟುಕೊಂಡಿದ್ದೆ. ಎಲ್ಲರಿಗೂ ತೋರಿಸುವ ಸ್ಕೋರ್ ಇಂಗ್ಲಿಷಿನಲ್ಲಿ. ಯಾರ ದೌರ್ಬಲ್ಯ ಏನು, ಯಾರಿಗೆ ಎಂಥ ಚೆಂಡು ಹಾಕಬೇಕು ಎಂಬ ಗುಟ್ಟಿನ ಟಿಪ್ಪಣಿ ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ. ಮುದುಕನಿಗೆ ಬೇಕಾದದ್ದನ್ನು ನಾನೇ ಓದಿ ಹೇಳುತ್ತಿದ್ದೆ. ಕಾರ್ಖಾನೆಯಲ್ಲಿ ಯಾರ ಕೈಗೆ ಸಿಕ್ಕರೂ ಓದಲಾಗಬಾರದು ಎಂಬುದು ನನ್ನ ಜಾಣತನ. ಅದನ್ನು ಓದಬಲ್ಲವರು ಅಲ್ಲಿ ಇಬ್ಬರೇ, ಆ ಇಬ್ಬರೂ ಈಗ ಎದುರು ತಂಡದಲ್ಲಿದ್ದಾರೆ, ಅದರಲ್ಲಿ ಒಬ್ಬರು ನನ್ನ ಮನೆಯಲ್ಲೇ ಇದ್ದಾರೆ ಎಂಬುದು ಎಂ.ಎಸ್ಸಿ. ತಲೆಗೆ ಹೊಳೆದಿರಲಿಲ್ಲ.

ಗೌರಿ ಹಬ್ಬ ಯಾವತ್ತು ಎಂದು ನೋಡಲು ನಮ್ಮವರು ಫ್ರಿಜ್ಜಿನ ಮೇಲಿನ ಪಂಚಾಂಗ ತೆಗೆದರು. ಅದರ ಕೆಳಗೆ ನನ್ನ ಕನ್ನಡದ ಪುಸ್ತಕ. ನಾನು ತರಕಾರಿ ಹೆಚ್ಚುತ್ತಿದ್ದೆ. ಪುಟ ತಿರುವುವ ಸದ್ದು ಕೇಳಿತು, ನಿಂತಿತು.

"'ಹೊಡೆತ ನೋಡಲು ಚಂದ. ಬಹುಪಾಲು ಕ್ಯಾಚ್. ಕತ್ತಿನ ಮೇಲೆ ಬಂದ ಚೆಂಡು ಕಂಡರೆ ತಡೆದುಕೊಳ್ಳಲಾರರು. ವಾಕ್, ಸೊನ್ನೆ.'" ಅವರು ನಿಧಾನವಾಗಿ ಓದಿದರು. "ಬಹುವಚನ ಹಾಕಿದೀಯ. ಬೇರೆಯವರಿಗೆ ಕೊಡೋವಾಗಲೂ ಮರ್ಯಾದೆ."

ನಾನು ಹೆಚ್ಚುತ್ತಲೇ ಇದ್ದೆ.

"ಈ ದೇಶದಲ್ಲಿ ನಂಗೆ ಅಂತ ಇದ್ದದ್ದು ಅದೊಂದು ಮೈದಾನ ಕಣೇ."

ಕ್ಷಮಿಸಿ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಲೆಕ್ಕ ತಪ್ಪಿಲ್ಲ, ರೀ." ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ಪುಸ್ತಕ ಮುಚ್ಚಿ, ಇದ್ದಲ್ಲೇ ಇಟ್ಟು, ಮೇಲೆ ಪಂಚಾಂಗ ಇಟ್ಟರು. ಎರಡು ವಾರ ನಮ್ಮ ಮನೆಯಲ್ಲಿ ಉಪ್ಪು, ಬಾಡಿಗೆ, ಹವಾಮಾನ, ಇಷ್ಟೇ ಮಾತು. ನನಗೆ ನಿಜವಾಗಿ ಭಯವಾಗಿತ್ತು. ಗುಟ್ಟಿನಲ್ಲಿ ಒಬ್ಬ ಮನುಷ್ಯನ ಬೆಲೆ ಕಟ್ಟಿದವಳ ಜೊತೆ ಆ ಮನುಷ್ಯ ಮತ್ತೆ ಸಲೀಸಾಗಿ ಊಟಕ್ಕೆ ಕೂರುವುದುಂಟೇ ಎಂದು ದಿನವೂ ಯೋಚಿಸುತ್ತಿದ್ದೆ.

ಕೊನೆಯ ಶನಿವಾರ ಲ್ಯಾಬಿಗೂ ಪ್ಯಾಕಿಂಗಿಗೂ ಫೈನಲ್. ಕೊನೆಯ ಇನಿಂಗ್ಸ್, ಸಮ ಸಮ, ಪ್ಯಾಕಿಂಗಿನವರ ಬ್ಯಾಟಿಂಗ್. ಇಬ್ಬರು ಔಟ್, ಇನ್ನೊಬ್ಬ ಹೋದರೆ ಅವರ ಸರದಿ ಮುಗಿಯಿತು. ಮೂರು ಬೇಸಿನಲ್ಲೂ ಅವರ ಜನ. ಬ್ಯಾಟ್ ಹಿಡಿದು ಬಂದವರು ನಮ್ಮವರು.

ಮುದುಕ ನನ್ನ ಕಡೆ ಓಡಿ ಬಂದ. ಕತ್ತಿನ ಮೇಲೆ ಹಾಕಿಸು ಎಂದೆ. ಹೊಡೆಯದೆ ಬಿಟ್ಟರೆ ವಾಕ್, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಮೂರನೆಯ ಬೇಸಿನವನು ಮನೆಗೆ ಬರುತ್ತಾನೆ, ನಾವು ಸೋತಂತೆ ಎಂದ. ಹೊಡೆಯುತ್ತಾರೆ, ನಾಲ್ಕು ವರ್ಷದಿಂದ ಬಲ್ಲೆ ಎಂದೆ. ಹೌದು, ಅಷ್ಟೆಲ್ಲ ಆದ ಮೇಲೂ ಹಾಗೆಯೇ ಹೇಳಿದೆ. ನನ್ನ ಬುದ್ಧಿಯೇ ಅಂಥದ್ದು.

ಮೊದಲನೆಯ ಚೆಂಡು ಎತ್ತರಕ್ಕೆ ಬಂತು. ಅವರು ಅಲುಗಲಿಲ್ಲ. ಎರಡನೆಯದಕ್ಕೆ ಜೋರಾಗಿ ಬೀಸಿದರು, ತಪ್ಪಿತು. ಧಾರವಾಡದ ಗೆಳೆಯ ತಲೆಯ ಮೇಲೆ ಕೈ ಇಟ್ಟುಕೊಂಡ. ಮೂರನೆಯದು, ನಾಲ್ಕನೆಯದು, ಎರಡೂ ಕತ್ತಿನ ಮೇಲೆ. ಬ್ಯಾಟಿನ ತುದಿ ನಡುಗಿತು, ಬೀಸಲಿಲ್ಲ. "ಹೊಡಿಯೋ ಮಾರಾಯಾ" ಎಂದು ಗೆಳೆಯ ಆ ಕಡೆಯಿಂದ ಗೋಗರೆಯುತ್ತಿದ್ದ. ನಮ್ಮವರು ಅವನತ್ತ ತಿರುಗಲಿಲ್ಲ. ನನ್ನ ಬೆಂಚಿನ ಕಡೆ ಒಂದು ಸಲ ನೋಡಿದರು. ಅವರು ಹೊಡೆಯಲಿ ಎಂದು ಬಯಸಿದೆನೋ ಬಿಡಲಿ ಎಂದೋ, ನನಗೇ ಗೊತ್ತಾಗಲಿಲ್ಲ.

ಐದನೆಯ ಚೆಂಡು ಅವರಿಗೆಂದೇ ಮಾಡಿಸಿದಂತೆ ಬಂತು. ಕತ್ತಿನಿಂದ ನಾಲ್ಕು ಬೆರಳು ಮೇಲೆ, ದಪ್ಪಗೆ, ನಿಧಾನಕ್ಕೆ. ಮೈಸೂರಿನಲ್ಲಾಗಿದ್ದರೆ ಅದು ಹಾಸ್ಟೆಲ್ ಗೋಡೆಯಾಚೆ. ಅವರು ಅದು ಹಾದುಹೋಗುವುದನ್ನು ನೋಡುತ್ತ ನಿಂತರು.

ಅಂಪೈರ್ ಮೊದಲನೆಯ ಬೇಸಿನತ್ತ ಕೈ ತೋರಿಸಿದ. ಪ್ಯಾಕಿಂಗಿನವರೆಲ್ಲ ಒಳಗೆ ನುಗ್ಗಿದರು. ಇಲ್ಲಿಯ ಆಟದಲ್ಲಿ ಬ್ಯಾಟನ್ನು ಎಸೆದು ಹೋಗುತ್ತಾರೆ. ನಮ್ಮವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಶತಕ ಹೊಡೆದು ಪೆವಿಲಿಯನ್ನಿಗೆ ಮರಳುವವರ ಹಾಗೆ ನಡೆದು ಬಂದರು. ಬೇಸಿಗೆ ಒಂದು ಹೆಜ್ಜೆ ಇರುವಾಗ ನನ್ನ ಮುಂದೆ ನಿಂತುಬಿಟ್ಟರು. ಅವರು ಬೇಸ್ ಮುಟ್ಟದೆ ಪಂದ್ಯ ಮುಗಿಯುವ ಹಾಗಿರಲಿಲ್ಲ. ಮುಟ್ಟು, ಮುಟ್ಟು ಎಂದು ಎಲ್ಲರೂ ಅರಚುತ್ತಿದ್ದರು.

"ಬರ್ಕೋ" ಎಂದರು.

ಇಂಗ್ಲಿಷ್ ಪುಸ್ತಕ ತೆರೆದೆ. ತಲೆಯಾಡಿಸಿದರು. "ಅದಲ್ಲ. ಇನ್ನೊಂದು."

ಚೀಲದಿಂದ ಕನ್ನಡದ ಪುಸ್ತಕ ತೆಗೆದೆ. ನಗು ಬರುತ್ತಿತ್ತು, ಕಣ್ಣೂ ತುಂಬಿತ್ತು. ಅವರ ಪುಟದಲ್ಲಿ ವಾಕ್ ಎದುರಿನ ಸೊನ್ನೆ ಅಳಿಸಿ, ೧ ಎಂದು ಬರೆದು, ಪುಸ್ತಕ ತಿರುಗಿಸಿ ಹಿಡಿದೆ. ಅವರು ಬಗ್ಗಿ ಓದಿದರು. ಆಮೇಲೆ ಬೇಸಿನ ಮೇಲೆ ಕಾಲಿಟ್ಟರು.