ಭಾಷಣ ಮುಗಿದ ಮೇಲೆ ಎದ್ದವರು

ದುಧನಿಯ ಆ ತೊಗರಿ ದಲಾಲರ ರುಮಾಲು ಕೆಂಪೋ ಬಿಳಿಯೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಅವರು ಎದ್ದು ನಿಲ್ಲುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದೆ. ಚುನಾವಣೆಗೆ ನಿಂತವರು ಪೇಟೆಯ ಕಟ್ಟೆಯ ಮೇಲೆ ಭಾಷಣ ಮುಗಿಸಿದ ಕೂಡಲೇ ಹೆಗಲ ಶಲ್ಯವನ್ನು ಕಂಕುಳಿಗೆ ಸಿಕ್ಕಿಸಿ, "ಒಂದ್ ಮಾತ್ ಕೇಳ್ಲೇನ್ರಿ?" ಎನ್ನುತ್ತಿದ್ದರು. ನೀರಿನ ಟಾಕಿ ಎಲ್ಲಿಗೆ ಬಂತು, ಸಾಲಿಗೆ ಮಾಸ್ತರ ಯಾವಾಗ. ಉತ್ತರ ಬರುವತನಕ ಊರವರು ಭಾಷಣಕಾರರಿಗೆ ಚಹಾ ಕೊಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಸಾವಕಾರರ ಪಡಸಾಲೆಗೆ ಟಿ.ವಿ. ಬಂತು. ಕಲಬುರಗಿ ಕಡೆಯಿಂದ ಚಿತ್ರ ಸಿಗುತ್ತಿತ್ತು. ಚುನಾವಣೆಯ ಹೊತ್ತಿನ ಒಂದು ಸಂಜೆ ಅದರಲ್ಲಿ ದೊಡ್ಡ ನಾಯಕರೊಬ್ಬರ ಭಾಷಣ ಮುಗಿಯಿತು. ದಲಾಲರು ಎದ್ದರು. ಪೆಟ್ಟಿಗೆಗೆ ಕಿವಿಯಿಲ್ಲವೆಂದು ಅವರಿಗೆ ಗೊತ್ತಿತ್ತು. ತಮ್ಮ ಪ್ರಶ್ನೆ ಊರವರ ಕಿವಿಗಾದರೂ ಬೀಳಲಿ ಎಂದು ಎದ್ದಿದ್ದರು.

"ಕುಂಡ್ರಿ ಕಾಕಾ, ಅಡ್ಡ ಆಗಾಕತ್ತೀರಿ! ಈಗ ಹಾಡು ಬರ್ತಾವ," ಎಂದು ಹಿಂದೆ ಕುಳಿತ ಹುಡುಗನೊಬ್ಬ ಕೂಗಿದ.

ಪಡಸಾಲೆ ನಕ್ಕಿತು. ಅವರೂ ನಕ್ಕು ಕುಳಿತರು.

ಮುಂದಿನ ವಾರ ಉಮೇದುವಾರರೊಬ್ಬರು ಕಟ್ಟೆಗೆ ಬಂದರು. ಭಾಷಣ ಮುಗಿಸಿ ತಾವೇ ಕೇಳಿದರು: "ದಲಾಲ್ರ, ನಿಮ್ದೇನೂ ಇಲ್ಲೇನ್ರಿ?"

"ನಾ ಏನ್ ಕೇಳ್ಲಿ, ಸಾಹೇಬ್ರ? ಮಂದಿ ಎಲ್ಲಾ ಟಿ.ವಿ.ದಾಗ ಭಾಷಣ ನೋಡಿ ಬಂದಾರ, ಎದ್ರ ಅಡ್ಡ ಆಗ್ತೀನಿ."

ಉಮೇದುವಾರರು ನಿರಾಳವಾಗಿ ಚಪ್ಪಲಿ ಮೆಟ್ಟಿಕೊಂಡರು. ಯಾರೂ ತಡೆಯಲಿಲ್ಲ.