ಎದುರುಮನೆಯ ದಿಕ್ಸೂಚಿ

ಅವರ ಕೊರಳಲ್ಲಿ ಹಳೇ ಶೂ ಲೇಸಿಗೆ ಕಟ್ಟಿದ ಹಿತ್ತಾಳೆ ದಿಕ್ಸೂಚಿಯೊಂದು ತೂಗಾಡುತ್ತಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಅದನ್ನು ಅಂಗೈಯಲ್ಲಿಟ್ಟು ಪೂರ್ವ ಯಾವುದೆಂದು ನೋಡುವರು. ನನಗೆ ಮೊದಲ ದಿನವೇ ಈ ಎದುರುಮನೆ ತಾತನ ಮೇಲೆ ಅನುಮಾನ ಹುಟ್ಟಿತು.

ನ್ಯೂಯಾರ್ಕಿನ ಹತ್ತಿರದ ಎಡಿಸನ್‌ಗೆ ಪ್ರೋಗ್ರಾಮರುಗಳು ತಂಡೋಪತಂಡವಾಗಿ ಬಂದಿಳಿಯುತ್ತಿದ್ದ ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟುಕೆ ಭಯದ ಕಾಲ. ನನ್ನವರು ಬೆಳಗಿನ ಟ್ರೈನಿಗೆ ನ್ಯೂಯಾರ್ಕಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ದೀಪ, ಕ್ಯಾಂಡಲ್ ಏನೂ ಹಚ್ಚಕೂಡದೆಂದು ಅಪಾರ್ಟ್‌ಮೆಂಟಿನ ಲೀಸಿನಲ್ಲೇ ಬರೆದಿತ್ತು. ಸಿಕ್ಕಿಬಿದ್ದರೆ ಮನೆ ಖಾಲಿ ಮಾಡಿಸುತ್ತಾರೆಂದು ಎಲ್ಲರೂ ಹೆದರಿಸಿದ್ದರು. ನಾನು ದೇವರನ್ನು ಕೋಟು ತೂಗುಹಾಕುವ ಕ್ಲಾಸೆಟ್ಟಿನಲ್ಲಿ ಬಚ್ಚಿಟ್ಟಿದ್ದೆ.

ತಾತ ಹಂಗೆರಿಯ ಯಹೂದಿ. ಪ್ರತಿ ವರ್ಷ ಅಲ್ಲಿಗೆ ಹೋಗಿ, ಊರೂರು ಅಲೆದು, ತಮ್ಮವರ ಪ್ರಾರ್ಥನಾಮಂದಿರಗಳಾದ ಹಳೇ ಸಿನಗಾಗ್‌ಗಳನ್ನು ಹುಡುಕುತ್ತಿದ್ದರು. ಫೋಟೋ ತೋರಿಸುವರು: ಒಂದು ಈಗ ಸೋಫಾ ಅಂಗಡಿ, ಒಂದು ಈಜುಕೊಳ, ಒಂದು ಗೋಧಿ ಗೋದಾಮು.

"ಇಲ್ಲಿ ಪ್ರಾರ್ಥನೆ ನಡೀತಿತ್ತಾ ಅಂದ್ರೆ ಇಲ್ಲವೇ ಇಲ್ಲ ಅಂತಾರೆ. ಕಟ್ಟಡ ವಾಪಸ್ ಕೇಳೋಕೆ ಬಂದಿದಾನೆ ಅಂತ ಭಯ. ಅದಕ್ಕೇ ನಾನು ಜನರನ್ನ ಕೇಳಲ್ಲ, ಪೂರ್ವದ ಗೋಡೆ ನೋಡ್ತೀನಿ. ಅಲ್ಲೇ ಧರ್ಮಗ್ರಂಥ ಇಡ್ತಿದ್ದ ಗೂಡು ಮುಚ್ಚಿದ್ರೂ ಗುರುತು ಉಳಿದಿರುತ್ತೆ."

ಇದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ, ಇವರು ಮ್ಯಾನೇಜ್‌ಮೆಂಟಿನವರು ಬಿಟ್ಟ ಗೂಢಚಾರರು ಎಂದೇ ನನ್ನ ಲೆಕ್ಕ.

"ಪಾಪ ಕಣೇ, ವಯಸ್ಸಾದೋರು" ಎಂದರು ನನ್ನವರು.

"ನಿಮಗೆ ಬೆಳ್ಳಗಿರೋದೆಲ್ಲ ಹಾಲು" ಎಂದೆ.

ಒಂದು ದಿನ ತಾತ ದಿಕ್ಸೂಚಿ ಹಿಡಿದು ಸೀದಾ ಕ್ಲಾಸೆಟ್ಟಿನ ಮುಂದೆ ನಿಂತರು. "ಇಲ್ಲೇನಿದೆ?"

"ಬರೀ ಕೋಟು."

ಅವರು ಮೂಗರಳಿಸಿದರು. ಕರ್ಪೂರದ ವಾಸನೆ ಬಾರದೇ ಇರುತ್ತದೆಯೇ! "ಅಲ್ಲೂ ಹೀಗೇ ಹೇಳ್ತಾರೆ" ಎಂದು ಹೊರಟುಹೋದರು.

ಮುಂದಿನ ಮಂಗಳವಾರ ನನ್ನ ಮೊದಲ ವರ್ಷದ ಮಂಗಳಗೌರಿ ಪೂಜೆ. ಕ್ಲಾಸೆಟ್ಟಿನ ಮುಂದೆ ಕೂತು ತಂಬಿಟ್ಟಿನ ದೀಪಗಳ ಮೇಲೆ ಚಾಕು ಹಿಡಿದು ಕಾಡಿಗೆ ಕಟ್ಟುತ್ತಿದ್ದೆ, ಸ್ಮೋಕ್ ಅಲಾರ್ಮ್ ಅರಚಿಕೊಂಡಿತು. ಎಲ್ಲ ಆರಿಸಿ, ಮುಚ್ಚಿ, ಹೊರಗೆ ಬಂದರೆ ಕಾರಿಡಾರಿನಲ್ಲಿ ಮ್ಯಾನೇಜರ್ ಮೂಸುತ್ತ ನಿಂತಿದ್ದಾನೆ. ತಾತನೇ ಕರೆಸಿದ್ದು, ಸಂಶಯವೇ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರ ಬಾಗಿಲು ತೆರೆಯಿತು.

"ನಾನೇ ಹಚ್ಚಿದ್ದು. ನಮ್ಮವರ ಶುಕ್ರವಾರದ ಪ್ರಾರ್ಥನೆಯ ಕ್ಯಾಂಡಲ್."

ಅಂದು ಮಂಗಳವಾರವೆಂಬುದು ಮ್ಯಾನೇಜರನಿಗೆ ಹೊಳೆಯಲಿಲ್ಲ. ವಾರ್ನಿಂಗ್ ಪತ್ರ ಬರೆದು ಅವರ ಕೈಗಿಟ್ಟು ಹೋದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಳಗೋಡಿ ಕ್ಲಾಸೆಟ್ ತೆರೆದು ತಾತನನ್ನು ಕರೆದೆ. ಅವರು ಹೊಸ್ತಿಲು ದಾಟಲಿಲ್ಲ. "ಬಾಗಿಲು ತೆಗೆದ್ಯಲ್ಲಮ್ಮ, ಸಾಕು" ಎಂದರು. ಆಮೇಲೆ ದಿಕ್ಸೂಚಿ ನೋಡಿ, "ನಿನ್ನ ದೇವರು ಸ್ವಲ್ಪ ದಕ್ಷಿಣಕ್ಕೆ ವಾಲಿದೆ" ಎಂದೂ ಸೇರಿಸಿದರು.

ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಮಗಳಿಗೆ ಹಂಗೆರಿಯ ಫೋಟೋಗಳ ನಡುವೆ ಆ ವಾರ್ನಿಂಗ್ ಪತ್ರ ಸಿಕ್ಕಿತ್ತು. ಸಾಮಾನು ಕಟ್ಟಲು ನಾನು ಹೋಗಿದ್ದೆ, ಕೀ ಇಸಿದುಕೊಳ್ಳಲು ಮ್ಯಾನೇಜರನೂ ಅಲ್ಲೇ ನಿಂತಿದ್ದ.

"ಅಮ್ಮ ಹೋದ್ಮೇಲೆ ಅಪ್ಪ ಕ್ಯಾಂಡಲ್ ಹಚ್ಚಿದ್ದನ್ನೇ ನಾನು ನೋಡಿಲ್ಲ. ಇದೇನಿದು?" ಎಂದು ಅವಳು ನನ್ನ ಕಡೆ ತಿರುಗಿದಳು.

ನನಗೇನು ಗೊತ್ತು ಎಂದುಬಿಡಬಹುದಿತ್ತು.

"ಅದು ನನಗೆ ಬರಬೇಕಾಗಿದ್ದ ಪತ್ರ" ಎಂದೆ. "ಬನ್ನಿ, ತೋರಿಸ್ತೀನಿ."

ಇಬ್ಬರನ್ನೂ ಒಳಗೆ ಕರೆದು ಕ್ಲಾಸೆಟ್ಟಿನ ಬಾಗಿಲು ತೆಗೆದೆ.